ತಾಯಮ್ಮನ ಒಲೆಯ ಕೆಂಡ

ನಮ್ಮ ಊರಿನಲ್ಲಿ ಮನೆಗಳ ನಡುವೆ ಕಾರ್ಖಾನೆ ನಡೆಸುವವರಿಗೆ ನಗರಸಭೆ ಕೊಡುವ ಪರವಾನಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಮುಗಿದ ದಿನ ಬೆಳಿಗ್ಗೆ ಕುಲುಮೆ ಆರಿಸಬೇಕು. ಕಾಂಪೌಂಡಿಗೆ ಎಲ್ಲಕ್ಕಿಂತ ಹತ್ತಿರ ಇರುವ ಮನೆಗೆ ಹೋಗಿ, ಅವರ ಒಲೆಯ ಕೆಂಡ ಕೇಳಿ ತಂದು, ಅದರಿಂದಲೇ ಮತ್ತೆ ಹೊತ್ತಿಸಬೇಕು. ಬೇರೆ ಬೆಂಕಿ ಹಿಡಿಯುವುದಿಲ್ಲ. ಬೆಂಕಿಪೊಟ್ಟಣ, ಸೀಮೆಎಣ್ಣೆ ಪಂಜು, ವೆಲ್ಡಿಂಗಿನ ಜ್ವಾಲೆ, ಎಲ್ಲವನ್ನೂ ನಮ್ಮ ಹಿಂದಿನವರೇ ಪ್ರಯತ್ನಿಸಿ ನೋಡಿ ಕೈಬಿಟ್ಟಿದ್ದಾರೆ. ಮನಸ್ಸಿಲ್ಲದೆ ಕೊಟ್ಟ ಕೆಂಡವೂ ಹಿಡಿಯುವುದಿಲ್ಲ. ಕಲ್ಲಿದ್ದಲಿನ ಮೇಲೆ ಒಂದು ಗಳಿಗೆ ಕೆಂಪಗೆ ಕೂತು ಬೂದಿಯಾಗುತ್ತದೆ. ಹಿಡಿದರೆ ನಾವು ಮೊಹರು ಒತ್ತುತ್ತೇವೆ. ಒಂಬತ್ತು ದಿನದೊಳಗೆ ಹಿಡಿಯದಿದ್ದರೆ ಪರವಾನಗಿ ಬಿದ್ದುಹೋಗುತ್ತದೆ.

ಬೇಕರಿಯವರಿಗೂ ಇದೇ, ಇಸ್ತ್ರಿ ಅಂಗಡಿಗೂ ಇದೇ, ಇಟ್ಟಿಗೆ ಗೂಡಿಗೂ ಇದೇ. ಜನ ಹೊಂದಿಕೊಂಡಿದ್ದಾರೆ. ಬೇಕರಿಯ ಪಕ್ಕದ ಮನೆಯ ಮಕ್ಕಳು ಬನ್ ತಿಂದು ತಿಂದು ಬೇಸತ್ತು ನಾಯಿಗೆ ಹಾಕುತ್ತವೆ. ಊರಿಗೆಲ್ಲ ಗ್ಯಾಸ್ ಬಂದು ಇಷ್ಟು ವರ್ಷವಾದರೂ ಗೋಡೆಯ ಪಕ್ಕದ ಮನೆಗಳಲ್ಲಿ ಒಂದು ಸೌದೆ ಒಲೆ ಉಳಿದಿದೆ. ಹೆಣ್ಣು ನೋಡಲು ಬಂದವರು ಮಾತಿನ ನಡುವೆ, "ನಿಮ್ಮದು ಕೆಂಡದ ಮನೆಯೇನು?" ಎಂದು ಕೇಳುತ್ತಾರೆ. ಹೌದೆಂದರೆ ಕೆಲವರು ಕಾಫಿ ಮುಗಿಸಿ ಏಳುತ್ತಾರೆ.

ನಾನು ರಂಗಧಾಮ. ನಗರಸಭೆಯ ಪರವಾನಗಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಉದ್ದ ಹಿಡಿಯ ಕಬ್ಬಿಣದ ಬಾಣಲೆ ಹಿಡಿದು ಮನೆಯಿಂದ ಮನೆಗೆ ಹೋಗಿ ಕೆಂಡ ಕೇಳುವುದು ನನ್ನ ಕೆಲಸ. ಮೊದಮೊದಲು ಬಾಗಿಲು ತಟ್ಟಲು ಹೆದರಿಕೆಯಾಗುತ್ತಿತ್ತು. ಆಮೇಲೆ ಅದೂ ಸವೆಯಿತು. ಅರ್ಜಿ, ನಕಲು, ಕೆಂಡ, ಮೊಹರು, ಮತ್ತೆ ಅರ್ಜಿ. ಕೊನೆಯ ವರ್ಷಗಳಲ್ಲಂತೂ ಯಾರ ಮನೆಯ ಬಾಗಿಲಲ್ಲಿ ನಿಂತಿದ್ದೇನೆ ಎಂಬುದನ್ನು ಕೈಯಲ್ಲಿದ್ದ ಕಡತದ ಮೇಲಿನ ಹೆಸರು ಓದಿ ನೆನಪು ಮಾಡಿಕೊಳ್ಳುತ್ತಿದ್ದೆ.

ಎರಕದ ಕಾರ್ಖಾನೆಯ ಪಕ್ಕದ ಮನೆ ಮಾತ್ರ ಓದದೆಯೂ ಗೊತ್ತಿತ್ತು. ಚರಂಡಿ ಮುಚ್ಚಳ, ಕೈಪಂಪಿನ ಚಕ್ರ ಎರಕ ಹೊಯ್ಯುವ ದೊಡ್ಡ ಕಾರ್ಖಾನೆ ಅದು. ನೂರಿಪ್ಪತ್ತು ಆಳು. ಅವರಲ್ಲಿ ಹೆಚ್ಚಿನವರು ಗೋಡೆಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಾಲು ಮನೆಗಳವರೇ. ಮೊದಲ ಸಾಲಿನ ಮೊದಲ ಮನೆ ತಾಯಮ್ಮನದು. ಅವಳ ಹಿತ್ತಿಲ ಗೋಡೆಯೇ ಕಾರ್ಖಾನೆಯ ಗೋಡೆ. ಗಂಡ ಚೌಡಪ್ಪ ಇಪ್ಪತ್ತೆರಡು ವರ್ಷ ಅಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದವನು. ಮರಳಿನ ಧೂಳಿಗೆ ಎದೆ ಕಟ್ಟಿಕೊಂಡು ಎರಡು ವರ್ಷದಿಂದ ಮನೆಯಲ್ಲಿದ್ದ. ಮಗಳು ಮಂಗಳ ಅಲ್ಲೇ ಮುಚ್ಚಳಗಳಿಗೆ ಬಣ್ಣ ಹೊಡೆಯುತ್ತಿದ್ದಳು. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಹದಿನೈದು ವರ್ಷದಲ್ಲಿ ಐದು ಸಲ ತಾಯಮ್ಮ ನನ್ನ ಬಾಣಲೆಗೆ ಕೆಂಡ ಹಾಕಿದ್ದಳು. ಐದೂ ಸಲ ಮೊದಲ ಕೆಂಡಕ್ಕೇ ಕುಲುಮೆ ಹಿಡಿದಿತ್ತು. ಆಗೆಲ್ಲ ಚೌಡಪ್ಪ ಗಟ್ಟಿಯಾಗಿದ್ದ.

ಆರನೇ ಸಲ ಹೋದಾಗ ಅವಳು ಎಂದಿನಂತೆ ತಲೆಗೆ ಸ್ನಾನ ಮಾಡಿ, ಒಲೆ ಸಾರಿಸಿ, ಹುಣಸೆ ಸೌದೆ ಉರಿಸಿಟ್ಟಿದ್ದಳು. ನಾನು ಎಂದಿನ ಮಾತು ಹೇಳಿದೆ, "ನಗರಸಭೆಯಿಂದ ಬಂದಿದ್ದೀನಿ, ನಿಮ್ಮ ಒಲೆಯ ಬೆಂಕಿ ಕೊಡಿ." ಅವಳು ಎಂದಿನ ಉತ್ತರ ಕೊಟ್ಟಳು, "ಕೊಟ್ಟಿದ್ದೀನಿ, ತಗೊಂಡು ಹೋಗಿ." ಇಕ್ಕಳದಿಂದ ನಾಲ್ಕು ಕೆಂಡ ಎತ್ತಿ ಹಾಕಿದಳು. ಕಾರ್ಖಾನೆಯ ಒಡೆಯ ವಾಸುದೇವಯ್ಯ ಬಿಳಿ ಅಂಗಿ ತೊಟ್ಟು ಕುಲುಮೆಯ ಬಾಯಿಯ ಹತ್ತಿರ ನಿಂತಿದ್ದರು. ಕೆಲಸದವರು ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ನಾನು ಕೆಂಡ ಸುರಿದೆ. ಅದು ಒಂದು ಗಳಿಗೆ ಕೆಂಪಗೆ ಕೂತಿತ್ತು. ಆಮೇಲೆ ಅಂಚಿನಿಂದ ಬೂದು ಬಣ್ಣ ಹತ್ತಿತು.

ವಾಸುದೇವಯ್ಯ, "ಗಾಳಿ ಇರಬೇಕು, ನಾಳೆ ನೋಡೋಣ," ಎಂದರು. ಗಾಳಿ ಇರಲಿಲ್ಲ.

ಎರಡನೇ ದಿನವೂ ಹಿಡಿಯಲಿಲ್ಲ. ಮೂರನೇ ದಿನ ಅವಳು ಉಪವಾಸವಿದ್ದು ಕೊಟ್ಟಳು. ಹಿಡಿಯಲಿಲ್ಲ. ನಾನು ಖಾಲಿ ಬಾಣಲೆ ಹಿಡಿದು ಹೇಳಲು ಹೋದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು.

"ನಾನು ಮನಸಾರೆ ಕೊಟ್ಟೆ ಸ್ವಾಮಿ," ಎಂದಳು. "ಯಾರ ಮೇಲೂ ನನಗೆ ಸಿಟ್ಟಿಲ್ಲ. ಅದು ನಿಂತರೆ ನನ್ನ ಮಗಳ ಕೆಲಸವೇ ಹೋಗುತ್ತೆ. ಕೊಡಬಾರದು ಅಂತ ನನಗ್ಯಾಕೆ ಅನ್ನಿಸುತ್ತೆ?"

"ಯೋಚನೆ ಮಾಡಬೇಡಿ, ನಾಳೆ ಹಿಡಿಯುತ್ತೆ," ಎಂದೆ. ಅದು ಬಾಯಿಗೆ ಬಂದ ಮಾತು.

ಸಾಲುಮನೆಯವರು ಅವಳ ಮೇಲೆ ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ. ಕೂಗಾಡಿದರೆ ಕೆಂಡ ಇನ್ನಷ್ಟು ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರೂ ಅವಳೊಂದಿಗೆ ಮೆತ್ತಗೆ ಮಾತಾಡಿದರು. ಒಬ್ಬಳು ಸೊಪ್ಪಿನ ಹುಳಿ ತಂದಿಟ್ಟು ಹೋದಳು, ಇನ್ನೊಬ್ಬಳು ಮೊಸರು. ನಲ್ಲಿಯ ಹತ್ತಿರ ಅವಳು ಹೋದರೆ ಕೊಡ ಸರಿಸಿ ಮೊದಲ ಜಾಗ ಬಿಟ್ಟರು. ಗಂಡಸರು ಕೆಲಸವಿಲ್ಲದೆ ಎದುರಿನ ಕಟ್ಟೆಯ ಮೇಲೆ ಕೂತು, ಅವಳು ಹೊರಗೆ ಬಂದಾಗಲೆಲ್ಲ ನಗಲು ಪ್ರಯತ್ನಿಸುತ್ತಿದ್ದರು. ನಾಲ್ಕನೇ ದಿನಕ್ಕೆ ಅವಳು ನೀರಿಗೆ ಮಗಳನ್ನು ಕಳಿಸತೊಡಗಿದಳು. ಮಂಗಳ ಕೊಡ ಇಳಿಸಿ ನನಗೆ ಹೇಳಿದಳು, "ಅಮ್ಮನನ್ನು ದೇವರ ಥರ ನೋಡ್ತಿದ್ದಾರೆ ಸಾರ್. ಅವಳಿಗೆ ಅನ್ನ ಸೇರ್ತಿಲ್ಲ."

ಐದನೇ ದಿನ ವಾಸುದೇವಯ್ಯ ತಾವೇ ಬಂದರು. ಕೆಟ್ಟ ಮನುಷ್ಯರೇನಲ್ಲ. ತಂದೆಯಿಂದ ಬಂದ ಕಾರ್ಖಾನೆಯನ್ನು ಹೇಗೋ ಎಳೆದುಕೊಂಡು ಹೋಗುತ್ತಿದ್ದವರು. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಅವರ ಕಣ್ಣು ಇಳಿದುಹೋಗಿತ್ತು. ಜಗುಲಿಯ ಮೇಲೆ ಚೌಡಪ್ಪನ ಪಕ್ಕ ಕೂತು, "ಮನೆ ನನಗೆ ಕೊಟ್ಟುಬಿಡಿ," ಎಂದರು. "ಊರಾಚೆ ಹೊಸ ಬಡಾವಣೆಯಲ್ಲಿ ಇದಕ್ಕಿಂತ ದೊಡ್ಡ ಮನೆ ಕೊಡಿಸ್ತೀನಿ. ಇದನ್ನ ಕೆಡವಿದರೆ ಪಕ್ಕದ್ದು ಹತ್ತಿರದ ಮನೆ ಆಗುತ್ತೆ. ಅವರ ಹತ್ತಿರ ಕೆಂಡ ಕೇಳ್ತೀವಿ. ಕಾನೂನಿನಲ್ಲಿ ತಪ್ಪಿಲ್ಲ, ಅಲ್ವೇ ರಂಗಧಾಮ?"

ತಪ್ಪಿರಲಿಲ್ಲ. ಇಟ್ಟಿಗೆ ಗೂಡಿನವರು ಒಮ್ಮೆ ಹಾಗೆ ಮಾಡಿದ್ದರು. ನಾನು ತಲೆಯಾಡಿಸಿದೆ.

ಚೌಡಪ್ಪ ಉಸಿರು ಎಳೆದುಕೊಳ್ಳುತ್ತಾ, "ಒಪ್ಪಿಕೋ ತಾಯಮ್ಮ, ಎಲ್ಲರಿಗೂ ನೆಮ್ಮದಿ," ಎಂದ.

ಪಕ್ಕದ ಮನೆಯ ಜೈಬುನ್ನೀಸಾ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಇಬ್ಬರು ಗಂಡುಮಕ್ಕಳೂ ಅಲ್ಲೇ ಕೆಲಸಕ್ಕಿದ್ದರು. ಅವಳು ಅಂಗಳಕ್ಕೆ ಬಂದು, "ಸಾಹುಕಾರರೇ, ನನ್ನ ಬೆಂಕಿಯೂ ಹಿಡಿಯದಿದ್ದರೆ ನನ್ನ ಮನೆಯನ್ನೂ ಕೆಡವ್ತೀರಾ?" ಎಂದು ಕೇಳಿದಳು. ಜಗಳದ ದನಿಯಲ್ಲಿ ಅಲ್ಲ, ತಿಳಿದುಕೊಳ್ಳಬೇಕಾಗಿದೆ ಎಂಬಂತೆ. ವಾಸುದೇವಯ್ಯ ಮನೆಯ ಮಾತು ಅಲ್ಲಿಗೇ ಬಿಟ್ಟು ಎದ್ದುಹೋದರು.

ಆರನೇ ದಿನ ಬೆಳಿಗ್ಗೆ ಕೆಂಡ ಮತ್ತೆ ಬೂದಿಯಾಯಿತು. ನಾನು ಸುದ್ದಿ ಹೇಳಲು ಹೋದವನು ಮೊಣಕಾಲು ನೋವು ತಡೆಯಲಾರದೆ ಅವರ ಜಗುಲಿಯ ಮೇಲೆ ಚೌಡಪ್ಪನ ಪಕ್ಕ ಕೂತುಬಿಟ್ಟೆ. ಕಂಕುಳಲ್ಲಿ ಕಡತವಿತ್ತು. ತಾಯಮ್ಮ ಅದನ್ನೇ ನೋಡುತ್ತಿದ್ದಳು.

"ಅದರಲ್ಲಿ ನನ್ನ ಹೆಸರು ಇದೆಯಾ?"

"ಇದೆ. ಕೆಂಡ ಕೊಟ್ಟವರು ಅಂತ."

"ಯಾವುದಕ್ಕೆ ಕೊಟ್ಟೆ ಅಂತಲೂ ಬರೆದಿರಬೇಕಲ್ಲ. ಓದಿ, ಕೇಳ್ತೀನಿ. ಹದಿನೈದು ವರ್ಷದಿಂದ ನಾನು ಕೇಳಲೇ ಇಲ್ಲ. ಏನು ಅಂತ ತಿಳಿದರೆ ಮನಸ್ಸು ಬರುತ್ತೇನೋ."

ಮೂವತ್ತೊಂದು ವರ್ಷದಲ್ಲಿ ಕೆಂಡದ ಮನೆಯವರು ಯಾರೂ ಅದನ್ನು ಕೇಳಿರಲಿಲ್ಲ. ನಾನು ದಾರ ಬಿಚ್ಚಿ ಪರವಾನಗಿಯ ಷರತ್ತುಗಳನ್ನು ಓದತೊಡಗಿದೆ. ಒಟ್ಟು ಹನ್ನೊಂದು. ಸಂಜೆ ಏಳರ ಮೇಲೆ ಸುತ್ತಿಗೆ ಕೆಲಸ ಕೂಡದು. ಬೂದಿಯನ್ನು ಚರಂಡಿಗೆ ಬಿಡಕೂಡದು. ಒಂದೊಂದಕ್ಕೂ ಅವಳು ತಲೆಯಾಡಿಸುತ್ತಿದ್ದಳು. ಏಳನೆಯದಕ್ಕೆ ಬಂದಾಗ ನನ್ನ ದನಿ ತಾನಾಗಿ ಇಳಿಯಿತು. ಎರಕ ಆರಿದ ಮೇಲೆ ಮರಳಿನ ಅಚ್ಚು ಒಡೆಯುವ ಜಾಗ ಮನೆಗಳ ಕಡೆಗೆ ಇರುವುದರಿಂದ, ಅದರ ಮೇಲೆ ಧೂಳು ಹೀರುವ ಗೂಡು ಕಟ್ಟಿ, ಧೂಳನ್ನು ಕೊಳವೆಯಲ್ಲಿ ಇಳಿಸಿ ನೀರಿನ ತೊಟ್ಟಿಗೆ ಬಿಡತಕ್ಕದ್ದು. ಅದರ ಮುಂದೆ ಐದು ಸಲ, ಐದು ಬೇರೆ ಬೇರೆ ಶಾಯಿಯಲ್ಲಿ, ನನ್ನ ಅಕ್ಷರ: ಸ್ಥಳದಲ್ಲಿ ನೋಡಲಾಗಿದೆ, ಪಾಲನೆಯಾಗಿದೆ.

"ಅಂದರೆ ಒಂದು ಗೂಡು ಇದೆ," ಎಂದಳು ತಾಯಮ್ಮ. "ಇದ್ದೂ ಇಷ್ಟು ಧೂಳು ಬರುತ್ತೆ. ಇಲ್ಲದೇ ಹೋಗಿದ್ದರೆ ನಾವು ಬದುಕುತ್ತಲೇ ಇರಲಿಲ್ಲವೇನೋ."

ಅವಳು ವ್ಯಂಗ್ಯವಾಡುತ್ತಿರಲಿಲ್ಲ. ನಿಜವಾಗಿಯೂ ಸಮಾಧಾನಪಟ್ಟುಕೊಂಡು ಹೇಳಿದಳು. ನಾನು ಆ ಕ್ಷಣ ಹೌದೆಂದು ಎಂಟನೆಯದನ್ನು ಓದಿಬಿಡಬಹುದಿತ್ತು. ಯಾಕೆ ಓದಲಿಲ್ಲ ಎಂದು ನನ್ನನ್ನು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನನಗೆ ಸಾಕಾಗಿಹೋಗಿತ್ತು. ಅಷ್ಟೇ ಕಾರಣ.

"ತಾಯಮ್ಮ, ಅದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದೆ. "ನಾನು ನೋಡಿಲ್ಲ. ಆ ಜಾಗಕ್ಕೆ ಹೋಗಿಯೇ ಇಲ್ಲ. ಪ್ರತಿ ಸಲವೂ ಆಫೀಸಿನ ಕೋಣೆಯಲ್ಲಿ ಚಹಾ ಕುಡಿದು ಅಲ್ಲೇ ಕೂತು ಬರೆದೆ."

ಅವಳು ನನ್ನನ್ನು ನೋಡಲಿಲ್ಲ. ಗಂಡನ ಕಡೆ ತಿರುಗಿದಳು. "ಇಪ್ಪತ್ತೆರಡು ವರ್ಷ ನೀವು ಒಳಗಿದ್ದಿರಿ. ಇದೆಯಾ?"

ಚೌಡಪ್ಪ ನೆಲ ನೋಡಿದ. ಎದುರಿನ ಕಟ್ಟೆಯ ಮೇಲಿದ್ದ ಗಂಡಸರೂ ತಲೆ ಬಾಗಿಸಿದ್ದರು. ಅವರಿಗೂ ಗೊತ್ತಿತ್ತು. ಅವರ ಬಾಗಿದ ತಲೆಗಳಿಂದಲೇ ನನಗದು ತಿಳಿಯಿತು.

"ನಾಲ್ಕು ಕಂಬ ನೆಟ್ಟಿದ್ದಾರೆ," ಎಂದ ಚೌಡಪ್ಪ. "ಮೇಲೆ ಏನೂ ಹಾಕಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂದರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿನ್ನ ಕೆಂಡ ಹಿಡೀತಿರಲಿಲ್ಲ. ಆಮೇಲೆ ಈ ಸಾಲಿನವರೆಲ್ಲ ಏನು ತಿನ್ನಬೇಕಿತ್ತು?" ಅವನಿಗೆ ಕೆಮ್ಮು ಬಂತು. ಬಂದರೆ ಅದು ಬೇಗ ಬಿಡುವಂಥದ್ದಲ್ಲ. ಅವಳು ಎದ್ದು ಹೋಗಿ ಬಿಸಿನೀರು ತಂದು ಕೊಟ್ಟಳು, ಬೆನ್ನು ನೀವಿದಳು, ಕೆಮ್ಮು ನಿಲ್ಲುವ ತನಕ ನಿಂತಿದ್ದಳು. ಆಮೇಲೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ಗಂಡನೊಂದಿಗೆ ಮಾತು ನಿಲ್ಲಿಸಿದಳು.

ನಾನು ನೇರವಾಗಿ ಕಾರ್ಖಾನೆಗೆ ಹೋದೆ. ಕಾವಲುಗಾರ ಆಫೀಸಿನ ಕಡೆ ಕೈ ತೋರಿಸಿದ. ನಾನು ಹಿಂಬದಿಗೆ ನಡೆದೆ. ನಾಲ್ಕು ಕಬ್ಬಿಣದ ಕಂಬಗಳು ತುಕ್ಕು ಹಿಡಿದು ಬರಿದೇ ನಿಂತಿದ್ದವು. ನೆಲದ ಮೇಲೆ ಸುಟ್ಟ ಮರಳಿನ ಹುಡಿ ಹಿಟ್ಟಿನಂತೆ ಮೆತ್ತಗಿತ್ತು. ಆರು ದಿನದಿಂದ ಕೆಲಸ ನಿಂತಿದ್ದರೂ ನಾನು ನಡೆದಂತೆ ಅದು ಎದ್ದು, ಗೋಡೆ ದಾಟಿ, ತಾಯಮ್ಮನ ಹಿತ್ತಿಲಿಗೆ ಹೋಗುವುದು ಕಾಣುತ್ತಿತ್ತು. ಹಿತ್ತಿಲಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಹದಿನೈದು ವರ್ಷ ನನಗೆ ಈ ಐವತ್ತು ಹೆಜ್ಜೆ ನಡೆಯಲು ಆಗಿರಲಿಲ್ಲ.

ಮಧ್ಯಾಹ್ನ ಆಯುಕ್ತರ ಮುಂದೆ ಹೊಸ ವರದಿ ಇಟ್ಟೆ. ಏಳನೆಯ ಷರತ್ತು ಎಂದೂ ಪಾಲನೆಯಾಗಿಲ್ಲ, ಹಿಂದಿನ ಐದು ವರದಿಗಳು ಸ್ಥಳ ನೋಡದೆ ಬರೆದವು. ಆಯುಕ್ತರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಹೆಂಗಸು. ಎರಡು ಸಲ ಓದಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಎಂಟು ತಿಂಗಳಿಗೆ ನಿವೃತ್ತಿ ನಿಮಗೆ," ಎಂದರು.

"ಹೌದು ಮೇಡಂ."

"ಇದನ್ನ ನಾನು ತಗೊಂಡರೆ ನಿಮ್ಮನ್ನ ಅಮಾನತು ಮಾಡದೆ ವಿಧಿಯಿಲ್ಲ. ಇನ್ನೊಂದು ಮೂರು ದಿನ ಸುಮ್ಮನಿದ್ದಿದ್ದರೆ ಪರವಾನಗಿ ತಾನಾಗಿ ಬಿದ್ದುಹೋಗುತ್ತಿತ್ತು, ನಿಮ್ಮ ಮೇಲೆ ಏನೂ ಬರುತ್ತಿರಲಿಲ್ಲ."

"ತಪ್ಪೆಲ್ಲ ಆ ಹೆಂಗಸಿನ ತಲೆ ಮೇಲೆ ಉಳೀತಿತ್ತು ಮೇಡಂ. ಅವಳ ಕೆಂಡದಿಂದ ನೂರಿಪ್ಪತ್ತು ಜನರ ಕೆಲಸ ಹೋಯ್ತು ಅಂತ ಸಾಯೋವರೆಗೂ ಅನ್ನಿಸಿಕೊಳ್ಳಬೇಕಿತ್ತು."

ಅವರು ವರದಿಗೆ ಸಹಿ ಮಾಡಿದರು. ಕೊರತೆ ಕಂಡುಬಂದರೆ ಒಂಬತ್ತು ದಿನದ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ, ಸರಿಪಡಿಸಿದ ಮೇಲೆ ಮುಂದುವರಿಯುತ್ತದೆ. ಕಾರ್ಖಾನೆಗೆ ಉಳಿದದ್ದು ಮೂರು ದಿನ. ನಾನು ಮೇಜಿನ ಡ್ರಾಯರಿನಿಂದ ಕನ್ನಡಕದ ಡಬ್ಬಿ, ಮಾತ್ರೆ, ಒಂದು ಟವೆಲ್ ತೆಗೆದುಕೊಂಡು ಮನೆಗೆ ಹೋದೆ. ಹೆಂಡತಿಗೆ ಹೇಳಿದೆ. ಅವಳು, "ಮೊದಲೇ ನಡೆದು ನೋಡಿದ್ದರೆ ಆಗ್ತಿತ್ತಲ್ಲ," ಎಂದಳು.

ವಾಸುದೇವಯ್ಯ ಮೊದಲು ವಕೀಲರ ಹತ್ತಿರ ಓಡಾಡಿದರು. ನಾಲ್ಕೈದು ದಿನ ಹೋಯಿತು. ಆಮೇಲೆ ಕೆಲಸದವರೇ ಆಫೀಸಿನ ಮುಂದೆ ಹೋಗಿ ಕೂತರು. ಘೋಷಣೆ ಕೂಗಲಿಲ್ಲ. "ತಗಡು, ಕೊಳವೆ ತರಿಸಿಕೊಡಿ, ಕಟ್ಟೋದು ನಾವು ಕಟ್ಟಿಕೊಳ್ತೀವಿ," ಎಂದರಂತೆ. ಎರಕದವರಿಗೆ ಕಬ್ಬಿಣದ ಕೆಲಸ ಹೇಳಿಕೊಡಬೇಕಾಗಿರಲಿಲ್ಲ. ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನ ನಾಲ್ಕು ಸಾಲಿನಲ್ಲೂ ಒಲೆ ದಿನಕ್ಕೊಂದು ಸಲ ಮಾತ್ರ ಉರಿಯುತ್ತಿತ್ತು. ಮಂಗಳ ತಗಡಿಗೆ ಬಣ್ಣ ಹೊಡೆದಳು. ಚೌಡಪ್ಪ ಕುರ್ಚಿ ಹಾಕಿಸಿಕೊಂಡು ಕೂತು, ಧೂಳು ಯಾವ ಕಡೆಯಿಂದ ಹೇಗೆ ಏಳುತ್ತದೆ, ಗೂಡಿನ ಬಾಯಿ ಎಲ್ಲಿ ಅಗಲ ಇರಬೇಕು ಎಂದು ಕೈಸನ್ನೆಯಲ್ಲಿ ತೋರಿಸಿದನಂತೆ. ಇದನ್ನೆಲ್ಲ ನನಗೆ ಹೇಳಿದ್ದು ಜೈಬುನ್ನೀಸಾ, ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಾಗ. "ಅವಳು ಇನ್ನೂ ಅವನ ಹತ್ತಿರ ಮಾತಾಡಿಲ್ಲ," ಎಂದೂ ಹೇಳಿದಳು. "ಬಡಿಸ್ತಾಳೆ, ಔಷಧಿ ಕೊಡ್ತಾಳೆ. ಮಾತು ಮಾತ್ರ ಇಲ್ಲ."

ಗೂಡು ಸಿದ್ಧವಾದ ಮರುದಿನ ನನ್ನ ಜಾಗಕ್ಕೆ ಬಂದಿದ್ದ ಹೊಸ ಗುಮಾಸ್ತೆ ಬಾಣಲೆ ಹಿಡಿದು ಬಂದಳು. ನಾನು ಹೋಗಬೇಕಾಗಿರಲಿಲ್ಲ. ಹೋದೆ. ಕಟ್ಟೆಯ ತುದಿಯಲ್ಲಿ ಕೆಲಸದವರ ನಡುವೆ ನಿಂತೆ. ಯಾರೋ ಸರಿದು ಜಾಗ ಕೊಟ್ಟರು.

ಹೊಸ ಗುಮಾಸ್ತೆ ಮಾತು ಹೇಳುವಾಗ ತೊದಲಿದಳು. ತಾಯಮ್ಮ ಅವಸರ ಮಾಡಲಿಲ್ಲ. ಮೊದಲು ಅವಳ ಕೈಯಿಂದ ಕಾಗದ ಓದಿಸಿದಳು, ಹನ್ನೊಂದು ಷರತ್ತನ್ನೂ. ಆಮೇಲೆ ಅವಳನ್ನು ಜೊತೆಗೆ ಕರೆದುಕೊಂಡು ಕಾರ್ಖಾನೆಯ ಹಿಂಬದಿಗೆ ಹೋಗಿ ಗೂಡು ನೋಡಿ ಬಂದಳು. ತನ್ನ ಗೋಡೆಯ ಆಚೆಗೆ ಅವಳು ಕಾಲಿಟ್ಟದ್ದು ಅದೇ ಮೊದಲಂತೆ. ಬಂದು ಒಲೆಯ ಮುಂದೆ ಕೂತಳು. ಇಕ್ಕಳ ಹಿಡಿದ ಕೈ ಒಂದಿಷ್ಟು ಹೊತ್ತು ಹಾಗೇ ನಿಂತಿತು. ಬಾಗಿಲಿನಿಂದ ನೋಡುತ್ತಿದ್ದ ನನಗೆ ಅವಳು ಏನು ಯೋಚಿಸುತ್ತಿದ್ದಾಳೆ ಎಂದು ತಿಳಿಯಲಿಲ್ಲ. ಆಮೇಲೆ ಎರಡೇ ಎರಡು ಕೆಂಡ ಎತ್ತಿ ಬಾಣಲೆಗೆ ಹಾಕಿ, "ಕೊಟ್ಟಿದ್ದೀನಿ," ಎಂದಳು.

ಹಿಡಿಯಿತು. ಮೊದಲು ಹೊಗೆ, ಆಮೇಲೆ ಕಲ್ಲಿದ್ದಲಿನ ಸಂದಿಯಲ್ಲಿ ಸಣ್ಣ ನೀಲಿ ನಾಲಿಗೆ, ಆಮೇಲೆ ಗಾಳಿಯಂತ್ರ ಹಾಕಿದ ಸದ್ದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ತಿಂಗಳು ಅರೆಹೊಟ್ಟೆಯಲ್ಲಿದ್ದವರು ಡಬ್ಬಿ ಹಿಡಿದು ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಮಂಗಳ ತಿರುಗಿ ಅಮ್ಮನಿಗೆ ಕೈ ಎತ್ತಿದಳು. ವಾಸುದೇವಯ್ಯ ಗೇಟಿನಲ್ಲಿ ಕೈ ಮುಗಿದರು. ತಾಯಮ್ಮ ಅದನ್ನು ನೋಡಿದಳೋ ಇಲ್ಲವೋ.

ಬೀದಿ ಖಾಲಿಯಾಯಿತು. ನಾನೂ ಹೊರಟೆ. ಹಿಂದಿನಿಂದ ಅವಳ ದನಿ ಕೇಳಿತು, "ಗುಮಾಸ್ತರೇ, ಒಳಗೆ ಬನ್ನಿ."

ನಡುಮನೆಯಲ್ಲಿ ಚೌಡಪ್ಪ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಅವಳು ಅವನ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿದಳು. ನಾವಿಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಅವಳು ಎರಡು ತಟ್ಟೆ ಇಟ್ಟಳು. ಬಿಸಿ ಮುದ್ದೆ, ಹುರುಳಿ ಸಾರು. ಅವನಿಗೂ ನನಗೂ ಸಮನಾಗಿ ಬಡಿಸಿ, ಸೌಟು ಹಿಡಿದು ಎದುರಿಗೆ ನಿಂತಳು. ನನಗೆ ಏನಾದರೂ ಹೇಳಬೇಕೆನ್ನಿಸಿತು. ಹದಿನೈದು ವರ್ಷಕ್ಕೆ ಸರಿದೂಗುವ ಒಂದು ಮಾತು ಹುಡುಕುತ್ತಾ ತಟ್ಟೆಯ ಮುಂದೆ ಕೈ ಕಟ್ಟಿ ಕೂತೆ. ಪಕ್ಕದಲ್ಲಿ ಚೌಡಪ್ಪನೂ ಮುದ್ದೆ ಮುರಿದಿರಲಿಲ್ಲ.

"ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ಇಬ್ಬರೂ ಅಂದುಕೊಳ್ಳಬೇಡಿ," ಎಂದಳು ತಾಯಮ್ಮ. "ಹೊತ್ತಾಯ್ತು. ಉಣ್ಣಿ."

ಇಪ್ಪತ್ತು ಚಿಲ್ಲರೆ ದಿನದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು. ಚೌಡಪ್ಪ ತಟ್ಟೆಗೆ ಕೈ ಹಾಕಿದ. ನಾನೂ ಹಾಕಿದೆ.